ಹುಬ್ಬಳ್ಳಿಯ ಸಂಬಳ, ಬೆಂಗಳೂರಿನ ಸಂಬಳ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಸ್ವಂತ ಮನೆಯಿದೆ. ನನ್ನ ಕೈಗೆ ಬರುವ ಸಂಬಳ ತಿಂಗಳಿಗೆ 42,000 ರೂಪಾಯಿ. ಪತ್ನಿ ಖಾಸಗಿ ಶಾಲೆಯ ಶಿಕ್ಷಕಿ, ಅವರಿಗೆ 18,000. ವೈಟ್‌ಫೀಲ್ಡ್‌ನ ಕಂಪನಿಯೊಂದು ವರ್ಷಕ್ಕೆ 10.80 ಲಕ್ಷ ಸಿಟಿಸಿಯ (ಕಂಪನಿ ಒಬ್ಬ ನೌಕರನಿಗಾಗಿ ಮಾಡುವ ಒಟ್ಟು ವೆಚ್ಚ) ಕೆಲಸ ಕೊಡುತ್ತಿದೆ. ಅದರಲ್ಲಿ ಶೇ 10ರಷ್ಟು ವೇರಿಯಬಲ್ ಪೇ (ಸಾಧನೆ ನೋಡಿ ಕೊಡುವ, ಖಚಿತವಲ್ಲದ ಭಾಗ); ಮೂಲವೇತನ ತಿಂಗಳಿಗೆ 45,000. ಅಲ್ಲಿ ನೋಡಿಟ್ಟ ಮನೆಗೆ 28,000 ಬಾಡಿಗೆ, ಆರು ತಿಂಗಳ ಮುಂಗಡ. ಸಂಸಾರ ಸಮೇತ ಹೋಗಬಹುದೇ?

ಉತ್ತರ: 10.80 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ಸಿಗುವ 90,000 ನಿಮ್ಮ ಕೈಗೆ ಬರುವ ಹಣವಲ್ಲ. ವೇರಿಯಬಲ್ ಪೇ ಬಿಟ್ಟರೆ 81,000 ಉಳಿಯುತ್ತದೆ. ಅದರಲ್ಲಿ ಮೂಲವೇತನದ ಶೇ 12ರಂತೆ ಕಂಪನಿಯ ಪಿಎಫ್ (ಭವಿಷ್ಯ ನಿಧಿ) ಪಾಲು 5,400, ನಿಮ್ಮ ಪಾಲು ಅಷ್ಟೇ, ಗ್ರಾಚ್ಯುಟಿಯ (ಕೆಲಸ ಬಿಡುವಾಗ ಸಿಗುವ ಇಡುಗಂಟು) ಬಾಬ್ತು ಸುಮಾರು 2,165 ಮತ್ತು ವೃತ್ತಿ ತೆರಿಗೆ 200 ಕಳೆದರೆ 68,000ದ ಆಸುಪಾಸಿಗೆ ನಿಲ್ಲುತ್ತದೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ಆದಾಯ ತೆರಿಗೆ ಬೀಳದಿರುವುದರಿಂದ ಆ ಚಿಂತೆಯಿಲ್ಲ.

ಈಗ ಮನೆಗೆ ಬರುತ್ತಿರುವುದು ಇಬ್ಬರದೂ ಸೇರಿ 60,000. ನಿಮ್ಮ ಪತ್ನಿ ಕೆಲಸ ಬಿಟ್ಟು ಬಂದರೆ ಹೆಚ್ಚುವುದು 8,000 ಮಾತ್ರ, ಬಾಡಿಗೆಯೊಂದೇ 28,000. ಅಂದರೆ ದಿನಸಿ ಕೊಳ್ಳುವ ಮೊದಲೇ ತಿಂಗಳಿಗೆ 20,000 ಕಡಿಮೆ ಬೀಳುತ್ತದೆ. ವೇರಿಯಬಲ್ ಪೇ ಪೂರ್ತಿ ಕೈಸೇರಿದರೂ ಅದು ತಿಂಗಳಿಗೆ 9,000 ಆಗುವುದರಿಂದ ಈ ಕೊರತೆ ಮುಚ್ಚುವುದಿಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ಜೀವನವೆಚ್ಚದ ಕ್ಯಾಲ್ಕ್ಯುಲೇಟರುಗಳು ಸರಾಸರಿ ಕುಟುಂಬವನ್ನು ಕಲ್ಪಿಸಿಕೊಂಡು ಹೇಳುವ ಶೇಕಡಾವಾರು ನಿಮಗೆ ಹೊಂದುವುದಿಲ್ಲ. ನಿಮ್ಮ ಸ್ವಂತ ಮನೆಯಾಗಲಿ ಪತ್ನಿಯ ಸಂಬಳವಾಗಲಿ ಅವುಗಳ ಲೆಕ್ಕಕ್ಕೆ ಸಿಗುವಂಥದ್ದಲ್ಲ, ಆದರೆ ತೀರ್ಮಾನ ನಿಂತಿರುವುದು ಅವೆರಡರ ಮೇಲೆಯೇ.

ಎರಡೂ ಊರಲ್ಲಿ ಒಂದೇ ಆಗಿರುವ ಖರ್ಚುಗಳನ್ನು ಹೋಲಿಕೆಯಿಂದ ತೆಗೆದುಬಿಡಿ: ಮೊಬೈಲ್ ಬಿಲ್ಲು, ವಿಮೆಯ ಕಂತು, ವೃತ್ತಿ ತೆರಿಗೆ. (ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವೂ ಎರಡೂ ಕಡೆ ಉಂಟು.) ಸೇರಿಸಬೇಕಾದವು ಬೇರೆ ಇವೆ. 1.68 ಲಕ್ಷ ಮುಂಗಡಕ್ಕೆ ಬಡ್ಡಿ ಬರುವುದಿಲ್ಲ, ಖಾಲಿ ಮಾಡುವಾಗ ಬಣ್ಣದ ಖರ್ಚೆಂದು ಅದರಲ್ಲಿ ಒಂದಿಷ್ಟು ಮುರಿದುಕೊಳ್ಳುವುದು ಬೆಂಗಳೂರಿನ ವಾಡಿಕೆ. ಬಾಡಿಗೆ ಕಡಿಮೆಯೆಂದು ಕೆಂಗೇರಿ ಕಡೆ ಮನೆ ಹಿಡಿದರೆ ನೇರಳೆ ಮಾರ್ಗದ ಮೆಟ್ರೋ ವೈಟ್‌ಫೀಲ್ಡ್‌ವರೆಗೂ ಹೋಗುತ್ತದೆ. ಆದರೆ 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಗರಿಷ್ಠ ದರ 90 ರೂಪಾಯಿಗೆ ಏರಿದೆ, ಸಮಯದ ಬೆಲೆ ಪ್ರತ್ಯೇಕ.

ನನ್ನ ಅಭಿಪ್ರಾಯದಲ್ಲಿ ಸದ್ಯಕ್ಕೆ ನೀವೊಬ್ಬರೇ ಹೋಗುವುದು ಲೇಸು. ಪತ್ನಿಯ ಸಂಬಳ ಉಳಿಯುವುದರಿಂದ ಒಟ್ಟು ಆದಾಯ 86,000 ಆಗುತ್ತದೆ. ಪಿಜಿಯ ಖರ್ಚನ್ನೂ ವಾರಾಂತ್ಯದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಟಿಕೆಟ್ಟನ್ನೂ ಹೆಚ್ಚುವರಿ 26,000ದಲ್ಲಿ ನಿಭಾಯಿಸಬಹುದು. ಪತ್ನಿಗೆ ಬೆಂಗಳೂರಿನಲ್ಲಿ 20,000ಕ್ಕಿಂತ ಹೆಚ್ಚಿನ ಕೆಲಸ ಖಚಿತವಾದ ಮೇಲೆ ಮನೆ ಹಿಡಿಯಿರಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕಳೆದ ವರ್ಷ ವೇರಿಯಬಲ್ ಪೇ ಶೇಕಡಾ ಎಷ್ಟು ಕೊಟ್ಟರು, ವಾರಕ್ಕೆ ಎಷ್ಟು ದಿನ ಕಚೇರಿಗೆ ಬರಬೇಕು ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಿರಿ.