ಒಂದು ಕ್ಯೂಬು, 20,000 ಫೋಟಾನ್

ಪ್ರಶ್ನೆ: ನಾನು ಎಂ.ಎಸ್ಸಿ. ಭೌತಶಾಸ್ತ್ರ ವಿದ್ಯಾರ್ಥಿನಿ. ಜಪಾನಿನ ಟಿ2ಕೆ ನ್ಯೂಟ್ರಿನೊ ಪ್ರಯೋಗದಲ್ಲಿರುವಂಥ 1 ಸೆಂ.ಮೀ. ಪ್ಲಾಸ್ಟಿಕ್ ಸಿಂಟಿಲೇಟರ್ (ಕಣ ಹಾದಾಗ ಬೆಳಕು ಸೂಸುವ ವಸ್ತು) ಕ್ಯೂಬನ್ನು ಜಿಯಾಂಟ್4 ಎಂಬ ಸಾಫ್ಟ್‌ವೇರಿನಲ್ಲಿ ಸಿಮ್ಯುಲೇಟ್ ಮಾಡುತ್ತಿದ್ದೇನೆ. ಗೋಡೆಯ ಪ್ರತಿಫಲನ ಶೇ 95ರ ಬದಲು ಶೇ 98 ಎಂದು ಕೊಟ್ಟರೆ ಸೆನ್ಸರಿಗೆ ಸಿಗುವ ಬೆಳಕು ಎಷ್ಟೋ ಜಾಸ್ತಿಯಾಗುತ್ತದೆ. ಯಾವುದನ್ನು ನಂಬಲಿ? ರನ್ ಮುಗಿಯಲು ವಿಪರೀತ ಹೊತ್ತು ಬೇರೆ ಹಿಡಿಯುತ್ತಿದೆ.

ಉತ್ತರ: ಎರಡನ್ನೂ ನಂಬಬೇಡಿ. ಆ ಸಂಖ್ಯೆಯನ್ನು ಅಳತೆಯಿಂದಲೇ ಪಡೆಯಬೇಕು.

ನಿಮ್ಮ ಸಂಖ್ಯೆಗಳನ್ನೇ ತಗೊಳ್ಳಿ. ಕ್ಯೂಬಿನಿಂದ ಸೆನ್ಸರಿಗೆ ಬೆಳಕು ಒಯ್ಯುವ ಫೈಬರ್ ಎಳೆಯನ್ನು ಸೇರುವ ಮುಂಚೆ ಬೆಳಕು ಗೋಡೆಗೆ 20 ಸಲ ಬಡಿಯಿತು ಅಂದುಕೊಳ್ಳೋಣ. ಶೇ 95 ಆದರೆ ಬೆಳಕಿನ ಕಣಗಳಾದ 100 ಫೋಟಾನ್‌ಗಳಲ್ಲಿ 36 ಉಳಿಯುತ್ತವೆ, ಶೇ 98 ಆದರೆ 67. ಗೋಡೆಯಲ್ಲಿ ಮೂರೇ ಪರ್ಸೆಂಟು, ಕೊನೆಗೆ ಹೆಚ್ಚುಕಡಿಮೆ ಎರಡು ಪಟ್ಟು!

ಟಿ2ಕೆಯ ಸೂಪರ್‌ಎಫ್‌ಜಿಡಿ ಎಂಬ ಡಿಟೆಕ್ಟರಿನಲ್ಲಿ ಇಂಥ ಕ್ಯೂಬುಗಳು ಸುಮಾರು 20 ಲಕ್ಷ ಇವೆ. ಅವಕ್ಕೆ ಬಣ್ಣ ಬಳಿದಿಲ್ಲ. ಪಾಲಿಸ್ಟೈರೀನಿನ ಮೈಗೇ ರಾಸಾಯನಿಕ ತಾಗಿಸಿ, ಕೂದಲೆಳೆಯಷ್ಟು ತೆಳುವಾದ ಬಿಳಿ ಪದರ ಬರಿಸಿದ್ದಾರೆ. ಅದು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ಪಕ್ಕದ ಕ್ಯೂಬಿಗೂ ಪ್ರತಿ ಮುಖದಿಂದ ಸುಮಾರು ಶೇ 3ರಷ್ಟು ಸೋರುತ್ತದೆ. ಜಿಯಾಂಟ್4ನಲ್ಲಿ ಗೋಡೆಯ ಮೈ ಹೇಗಿದೆ ಎಂಬ ಆಯ್ಕೆಗೆ ನೀವು ‘ಗ್ರೌಂಡ್‌ಫ್ರಂಟ್‌ಪೇಂಟೆಡ್’ ಕೊಟ್ಟಿದ್ದರೆ ಬೆಳಕು ಒಂದೋ ವಾಪಸ್ ಬರುತ್ತದೆ, ಇಲ್ಲವೇ ಅಲ್ಲೇ ಸಾಯುತ್ತದೆ. ಸೋರುವ ದಾರಿಯೇ ಇಲ್ಲ! ‘ಪಾಲಿಶ್ಡ್’ ಕೊಟ್ಟು ಸುತ್ತ ಬರೀ ಗಾಳಿ ಬಿಟ್ಟಿದ್ದರೆ ಬೇರೆ ತೊಂದರೆ. ಪಾಲಿಸ್ಟೈರೀನಿನ ವಕ್ರೀಭವನ ಸೂಚ್ಯಂಕ 1.59. 39 ಡಿಗ್ರಿಗಿಂತ ಓರೆಯಾಗಿ ಬಂದ ಬೆಳಕು ಗಾಳಿಗೆ ದಾಟುವುದೇ ಇಲ್ಲ. ನಯವಾದ ಡಬ್ಬಿಯಲ್ಲಿ ಕೆಲವು ಫೋಟಾನ್‌ಗಳು ಅದೇ ಕೋನಗಳಲ್ಲಿ ಸುಮ್ನೆ ಓಡಾಡುತ್ತಲೇ ಇರುತ್ತವೆ. ರನ್ ನಿಧಾನವಾಗಲು ಇದೂ ಕಾರಣ ಇರಬಹುದು.

ಫೈಬರಿನ ತೂತನ್ನೂ ನೋಡಿ. ತೂತು 1.5 ಮಿ.ಮೀ., ಫೈಬರ್ 1 ಮಿ.ಮೀ. ನಡುವೆ ಗಾಳಿ ಇದೆ. ಅದನ್ನು ಬರೆಯದೆ ಫೈಬರನ್ನು ಪ್ಲಾಸ್ಟಿಕ್ಕಿಗೆ ಅಂಟಿಸಿಬಿಟ್ಟರೆ ಇಲ್ಲದ ಬೆಳಕು ಸಿಗುತ್ತದೆ.

ಈಗ ಅಳತೆಯ ವಿಚಾರ. ಹುಟ್ಟುವ ಫೋಟಾನ್‌ಗಳ ಸಂಖ್ಯೆ, ಗೋಡೆ, ಫೈಬರ್, ಸೆನ್ಸರಿನ ದಕ್ಷತೆ ಎಲ್ಲ ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಒಟ್ಟು ಬೆಳಕನ್ನಷ್ಟೇ ಹೊಂದಿಸಿದರೆ ಗೋಡೆಯ ತಪ್ಪನ್ನು ಸೆನ್ಸರ್ ಮುಚ್ಚಿಹಾಕುತ್ತದೆ. ಆದ್ದರಿಂದ ಇನ್ನೆರಡನ್ನು ಹೊಂದಿಸಿ: ಪಕ್ಕದ ಕ್ಯೂಬಿನ ಸೋರಿಕೆ, ಮತ್ತು ಮ್ಯೂಆನ್ (ಎಲೆಕ್ಟ್ರಾನಿನಂಥದೇ, ಆದರೆ ಭಾರವಾದ ಕಣ) ಫೈಬರಿನ ಹತ್ತಿರ ಹಾದಾಗಿನ ಮತ್ತು ದೂರ ಹಾದಾಗಿನ ಬೆಳಕಿನ ಅನುಪಾತ. ಸೆನ್ಸರ್ ಎಷ್ಟೇ ಚೆನ್ನಾಗಿರಲಿ, ಈ ಎರಡೂ ಅನುಪಾತಗಳು ಬದಲಾಗುವುದಿಲ್ಲ. ಪ್ರಯೋಗಶಾಲೆಯಲ್ಲಿ ಕ್ಯೂಬು ಇಲ್ಲದಿದ್ದರೆ ಪ್ರಕಟವಾದ ಬೀಮ್ ಟೆಸ್ಟ್ (ಕಣಗಳ ಕಿರಣ ಹಾಯಿಸಿ ಮಾಡಿದ ಪರೀಕ್ಷೆ) ಫಲಿತಾಂಶಗಳನ್ನು ಬಳಸಿ.

(ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೊ ಹಿಡಿದಾಗಲೂ ಪ್ಲಾಸ್ಟಿಕ್ ಸಿಂಟಿಲೇಟರ್ ಗೋಡೆಗಳೇ ಇದ್ದವು. ಈ ತಲೆನೋವು ತರುವ ಸಾಫ್ಟ್‌ವೇರ್ ಅವರಿಗಿರಲಿಲ್ಲ ಅಷ್ಟೇ.)

ಇನ್ನು ವೇಗ. ಮ್ಯೂಆನ್ ಒಂದು ಸೆಂ.ಮೀ. ಹಾದರೆ ಸುಮಾರು 2 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿ ಬಿಟ್ಟುಹೋಗುತ್ತದೆ. ಅದರಿಂದ 20,000 ಫೋಟಾನ್ ಹತ್ತಿರ ಹುಟ್ಟುತ್ತವೆ. ಸೆನ್ಸರ್ ಎಣಿಸುವುದು ಕೆಲವು ಹತ್ತುಗಳನ್ನು ಮಾತ್ರ. ಮಿಕ್ಕದ್ದನ್ನು ಕೊನೆತನಕ ಓಡಿಸಿ ಏನು ಪ್ರಯೋಜನ, ಅಲ್ವಾ? ಸೆನ್ಸರಿನ ದಕ್ಷತೆ ಶೇ 30 ಎಂದಿದ್ದರೆ, ಹುಟ್ಟಿದ ಕೂಡಲೇ ಲಾಟರಿ ಎತ್ತಿ ಶೇ 70ನ್ನು ಬಿಟ್ಟುಬಿಡಿ. ಕೊನೆಯಲ್ಲಿ ಮತ್ತೆ ದಕ್ಷತೆ ಹಾಕಬೇಡಿ. ನೀಲಿ ಬೆಳಕನ್ನು ಫೈಬರ್ ಹಸಿರಾಗಿಸಿ ತನ್ನೊಳಗೆ ಹಿಡಿದುಕೊಂಡ ಮೇಲೆ ಟ್ರ್ಯಾಕಿಂಗ್ ಅಲ್ಲೇ ನಿಲ್ಲಿಸಿ. ಮೀಟರುಗಟ್ಟಲೆ ಫೈಬರಿನಲ್ಲಿ ಅದು ಸಾವಿರಾರು ಸಲ ಬಡಿಯುವುದನ್ನು ನೋಡುವ ಅಗತ್ಯವಿಲ್ಲ, ದೂರಕ್ಕೆ ತಕ್ಕ ಕ್ಷೀಣತೆಯ ಸೂತ್ರ ಸಾಕು. ಇಡೀ ಡಿಟೆಕ್ಟರಿಗೆ ಒಂದು ಕ್ಯೂಬಿನ ಫಲಿತಾಂಶವನ್ನು ಟೇಬಲ್ ಮಾಡಿ ಬಳಸಿ.

ಕೊನೆಯದಾಗಿ, ಬರ್ಕ್ಸ್ ಸ್ಥಿರಾಂಕ ಕೊಟ್ಟಿದ್ದೀರಾ? ಕಣ ಒಂದೇ ಕಡೆ ದಟ್ಟವಾಗಿ ಶಕ್ತಿ ಸುರಿದಾಗ ಬೆಳಕು ಎಷ್ಟು ಇಳಿಯುತ್ತದೆ ಎಂದು ಹೇಳುವ ಸಂಖ್ಯೆ ಅದು. ನೀವು ಕೊಡದಿದ್ದರೆ ಅದು ಸೊನ್ನೆಯೇ. ಪಾಲಿಸ್ಟೈರೀನಿಗೆ ಎಂಇವಿಗೆ 0.126 ಮಿ.ಮೀ. ಎಂದು ಹಾಕುವುದು ರೂಢಿ. ಮ್ಯೂಆನ್‌ನಲ್ಲಿ ಇದರ ಪರಿಣಾಮ ಅಷ್ಟಾಗಿ ಕಾಣುವುದಿಲ್ಲ. ನ್ಯೂಟ್ರಿನೊ ಡಿಕ್ಕಿಯಿಂದ ಹೊರಬರುವ ನಿಧಾನದ ಪ್ರೋಟಾನ್‌ಗಳಲ್ಲಿ ಮಾತ್ರ ಬೆಳಕು ಚೆನ್ನಾಗಿಯೇ ಇಳಿಯುತ್ತದೆ.