ಡಿಸ್ಚಾರ್ಜ್ ಪುಸ್ತಕದಲ್ಲಿ ಬಿಟ್ಟುಹೋದ ಸೇನಾ ಮೆಡಲ್
ಮಂಡ್ಯದ ನಿಮ್ಮ ತಂದೆಗೆ 1971ರ ಯುದ್ಧದಲ್ಲಿ ಶೌರ್ಯಕ್ಕಾಗಿ ಸೇನಾ ಮೆಡಲ್ ಬಂದಿದ್ದರೂ, ಸೇನೆ ಬಿಡುವಾಗ ಕೊಡುವ ಸೇವಾ ದಾಖಲೆಯಾದ ಡಿಸ್ಚಾರ್ಜ್ ಪುಸ್ತಕದಲ್ಲಿ ಅದಿಲ್ಲ ಅಂದಿದ್ದೀರಿ. ಓದಿ ಸಂಕಟವಾಯಿತು. ಇದನ್ನು ಖಂಡಿತ ಸರಿಪಡಿಸಬೇಕು.

ಅರ್ಜಿ ಹೋಗಬೇಕಾದದ್ದು ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ, ಅಂದರೆ ಸೈನಿಕರ ಸೇವಾ ದಾಖಲೆ ಇಡುವ ಕಚೇರಿಗೆ. ಅವರದ್ದು ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಆಗಿದ್ದರೆ ಅದು ಬೆಂಗಳೂರಿನಲ್ಲೇ ಇದೆ. ಅದಕ್ಕೂ ಮೊದಲು ಭಾರತ ಸರ್ಕಾರದ ಗೆಜೆಟ್ (ಅಧಿಕೃತ ರಾಜಪತ್ರ) ಹುಡುಕಿ. ಶೌರ್ಯ ಪದಕ ಪಡೆದವರ ಹೆಸರು ಅದರಲ್ಲಿ ಪ್ರಕಟವಾಗುತ್ತದೆ. ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಅರ್ಜಿಯಲ್ಲಿ ಸುಮ್ನೆ ‘1971ರ ಮೆಡಲ್’ ಅಂತ ಬರೆಯಬೇಡಿ, ಬೇರೆ ಪದಕ ಅಂದುಕೊಂಡಾರು. ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಆ ಯುದ್ಧದ ಸೇವೆಗೆ ಕೊಟ್ಟವು, ಶೌರ್ಯ ಪದಕಗಳಲ್ಲ. ಮೂಲ ಪದಕವನ್ನು ಅಂಚೆಯಲ್ಲಿ ಕಳಿಸಲೇಬೇಡಿ, ಫೋಟೊ ಲಗತ್ತಿಸಿ.

ಅರ್ಜಿ ಬರೆಯಲು ಮೈಸೂರಿನ ಸೈನಿಕ ಕಲ್ಯಾಣ ಕಚೇರಿಯಲ್ಲಿ ನೆರವು ಕೇಳಿ. ಶೌರ್ಯದ ಸೇನಾ ಮೆಡಲ್‌ಗೆ ತಿಂಗಳ ಭತ್ಯೆಯೂ ಇದೆ. ಅದು ಬರುತ್ತಿದೆಯಾ ಅಂತ ಪಿಂಚಣಿ ಕಾಗದದಲ್ಲಿ ಇವತ್ತೇ ನೋಡಿ.