ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು ಎಂಜಿಬಿಗೆ ಸಿಕ್ಕ ಕ್ರ್ಯಾಂಕ್ ಪುಲ್ಲಿ ಅದರದ್ದೇನಾ ಅಂತ ತಿಳಿಯೋದು ಹೇಗೆ?

ಈ ಪುಲ್ಲಿ ಅಂದ್ರೆ ಪಿಸ್ಟನ್‌ಗಳು ತಿರುಗಿಸುವ ದಂಡದ (ಕ್ರ್ಯಾಂಕ್) ಮುಂದಿನ ತುದಿಯಲ್ಲಿ ಕೂರುವ, ಬೆಲ್ಟ್ ಓಡಿಸುವ ಚಕ್ರ. ಅದರ ಅಂಚಿನಲ್ಲಿರುವ ಸಣ್ಣ ಗೀರು ನೋಡಿ. ಒಂದನೇ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಆ ಗೀರು ಟೈಮಿಂಗ್ ಕವರ್‌ (ಪುಲ್ಲಿಯ ಹಿಂದೆ ಎಂಜಿನ್ ಮುಂಭಾಗವನ್ನು ಮುಚ್ಚುವ ತಗಡು) ಮೇಲಿನ ಗುರುತಿನ ಮುಳ್ಳಿಗೆ ಸರಿಯಾಗಿ ಎದುರು ನಿಲ್ಲಬೇಕು. ನಿಲ್ಲದಿದ್ದರೆ ಅದು ಬೇರೆ ಎಂಜಿನ್‌ನ ಪುಲ್ಲಿ ಇರಬಹುದು.

ಯಾಕೆ ಅಂದ್ರೆ, 1962ರಿಂದ 1980ರವರೆಗೆ ಬಂದ ನಾಲ್ಕು ಸಿಲಿಂಡರಿನ ಈ ಕಾರುಗಳೆಲ್ಲ ಒಂದೇ 1798 ಸಿಸಿ ಎಂಜಿನ್‌ನವು, ಆದರೆ ಮುಳ್ಳಿನ ಜಾಗ ಒಂದೇ ಅಲ್ಲ. ಮೊದಮೊದಲಿನವುಗಳಲ್ಲಿ ಅದು ಪುಲ್ಲಿಯ ಕೆಳಗಿತ್ತು, ಆಮೇಲೆ ಮೇಲಕ್ಕೆ ಬಂತು. ಗೀರಿನ ಜಾಗವೂ ಅದರ ಜೊತೆಗೇ ಬದಲಾಯಿತು. ಕ್ರ್ಯಾಂಕ್‌ನ ಕೀಲಿಯಿಂದಾಗಿ (ಪುಲ್ಲಿಯ ಗಾಡಿಯಲ್ಲಿ ಕೂರುವ ಸಣ್ಣ ಲೋಹದ ತುಂಡು) ಪುಲ್ಲಿ ಒಂದೇ ದಿಕ್ಕಿಗೆ ಕೂರುತ್ತದೆ, ತಿರುಗಿಸಿ ಹೊಂದಿಸೋಕೆ ಆಗಲ್ಲ. ಹಾಗಾಗಿ ಪುಲ್ಲಿ, ಕವರ್ ಎರಡೂ ಜೋಡಿಯಾಗಿಯೇ ಇರಬೇಕು.

ಪರೀಕ್ಷೆ ಸುಲಭ. ರೇಡಿಯೇಟರ್ ಪಕ್ಕದ ಸ್ಪಾರ್ಕ್ ಪ್ಲಗ್ (ಒಂದನೇ ಪಿಸ್ಟನ್‌ನದು) ಬಿಚ್ಚಿ, ಆ ತೂತಿಗೆ ಉದ್ದದ ಸ್ಟ್ರಾ ಇಳಿಬಿಡಿ. ಎಂಜಿನ್ ಅನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಸ್ಟ್ರಾ ಏರುತ್ತಾ ಬಂದು ನಿಂತಾಗ ಗೀರು ಎಲ್ಲಿದೆ ನೋಡಿ.

ತುಂಬಾ ದೂರ ಇದ್ದರೆ ಪುಲ್ಲಿ ಬೇರೆಯದು. ಸ್ವಲ್ಪ ಮಾತ್ರ ತಪ್ಪಿದ್ದು, ನಡುವೆ ರಬ್ಬರ್ ಪಟ್ಟಿ ಇರುವ ಪುಲ್ಲಿಯಾಗಿದ್ದರೆ, ರಬ್ಬರ್ ಸಡಿಲವಾಗಿ ಹೊರಗಿನ ಬಳೆ ಜಾರಿರುವ ಸಾಧ್ಯತೆ ಜಾಸ್ತಿ. ಅಂಥದ್ದನ್ನು ದಯವಿಟ್ಟು ಹಾಕಬೇಡಿ.